ಘಂಟಾಗೋಪುರದ ವಿದ್ಯಾರ್ಥಿಗಳು

ವಿದ್ಯಾರ್ಥಿ ಸಂಘಗಳು ಅಲ್ಪಾಯುಷಿಗಳೆಂಬುದು ಕಾಲೇಜುಗಳಲ್ಲಿ ಕೆಲಸ ಮಾಡುವವರೆಲ್ಲ ಅನುಭವದಿಂದ ಬಲ್ಲ ಮಾತು. ಶ್ರಾವಣದಲ್ಲಿ ಹಾರ ತುರಾಯಿಗಳೊಡನೆ ಉದ್ಘಾಟನೆಯಾದ ಸಂಘ ಯುಗಾದಿಯ ವೇಳೆಗೆ ಒಂದು ರಬ್ಬರ್ ಮೊಹರು, ಅರ್ಧ ತುಂಬಿದ ಒಂದು ನಡವಳಿ ಪುಸ್ತಕ, ಇಷ್ಟರಲ್ಲಿ ಉಳಿದುಕೊಂಡಿರುತ್ತದೆ. ಇದಕ್ಕೆ ಯಾರನ್ನೂ ದೂರುವಂತಿಲ್ಲವೆಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ವಿದ್ಯಾರ್ಥಿ ಹರಿಯುವ ನೀರು. ಮೂರು ವರ್ಷ ನಮ್ಮ ದಡದಲ್ಲಿ ಸುಳಿದು ಮುಂದಕ್ಕೆ ಹೋಗುತ್ತಾನೆ. ಹರಿಯುವ ನೀರಿನ ಮೇಲೆ ಮನೆ ಕಟ್ಟುವುದೆಂತು?

ನಾನೂ ಬಹುಕಾಲ ಹೀಗೆಯೇ ನಂಬಿದ್ದೆ. ಈ ನಂಬಿಕೆಯನ್ನು ಅಲುಗಿಸಿದ್ದು ಇಂಗ್ಲೆಂಡಿನ ಎರಡು ವಿದ್ಯಾರ್ಥಿ ಸಂಘಗಳ ಚರಿತ್ರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಘಂಟಾವಾದಕರ ಸಂಘ 1872ರಲ್ಲಿ ಹುಟ್ಟಿತು, ಕೇಂಬ್ರಿಜ್‌ನದು 1879ರಲ್ಲಿ. ಎರಡೂ ಇಂದಿಗೂ ನಡೆಯುತ್ತಿವೆ. ಅಲ್ಲಿಯೂ ವಿದ್ಯಾರ್ಥಿಗಳು ಮೂರು ನಾಲ್ಕು ವರ್ಷವಿದ್ದು ಹೊರಟುಹೋಗುವವರೇ. ಅವರು ಮಾಡುವ ಕೆಲಸವಾದರೋ ಚರ್ಚಿನ ಗೋಪುರವನ್ನು ಹತ್ತಿ ಹಗ್ಗ ಹಿಡಿದು ಗಂಟೆ ಬಾರಿಸುವುದು. ಅದರಿಂದ ಪದವಿಯಿಲ್ಲ, ಅಂಕವಿಲ್ಲ, ಉದ್ಯೋಗವಂತೂ ಇಲ್ಲವೇ ಇಲ್ಲ. ಹೀಗಿರಲು ಈ ಸಂಘಗಳು ನೂರೈವತ್ತು ವರ್ಷಗಳ ಸುಮಾರಿಗೆ ಬಾಳಿದ ಗುಟ್ಟೇನು?

ನನಗೆ ಇದರ ಜಾಡು ಹತ್ತಿದ್ದು ಒಂದು ಪತ್ತೇದಾರಿ ಕಾದಂಬರಿಯಿಂದ. ಡೊರೊಥಿ ಸೇಯರ್ಸ್ 1934ರಲ್ಲಿ ಪ್ರಕಟಿಸಿದ ‘ದ ನೈನ್ ಟೈಲರ್ಸ್’ ಎಂಬ ಕಾದಂಬರಿಯಲ್ಲಿ, ಆಕ್ಸ್‌ಫರ್ಡಿನಲ್ಲಿ ಓದಿದ ಸಿರಿವಂತ ನಾಯಕ ಹೊಸ ವರ್ಷದ ಹಿಂದಿನ ದಿನ ಹಿಮದಲ್ಲಿ ಸಿಕ್ಕಿ ಒಂದು ಹಳ್ಳಿಯಲ್ಲಿ ಉಳಿಯಬೇಕಾಗುತ್ತದೆ. ಆ ರಾತ್ರಿ ಹಳ್ಳಿಯವರು ಒಂಬತ್ತು ಗಂಟೆಗಳ ಕಾಲ ಎಡೆಬಿಡದೆ ಚರ್ಚಿನ ಗಂಟೆಗಳನ್ನು ಬಾರಿಸಬೇಕೆಂದಿದ್ದಾರೆ. ಅವರಲ್ಲೊಬ್ಬ ಜ್ವರದಿಂದ ಮಲಗಿದ್ದಾನೆ. ಆ ಶ್ರೀಮಂತ ಕೋಟು ಕಳಚಿ, ರೋಗಿಯ ಹಗ್ಗವನ್ನು ತಾನು ಹಿಡಿದು, ಹಳ್ಳಿಗರ ಸಾಲಿನಲ್ಲಿ ಬೆಳಗಿನ ತನಕ ನಿಲ್ಲುತ್ತಾನೆ. ಕೊಲೆಯ ರಹಸ್ಯಕ್ಕಿಂತ ಈ ದೃಶ್ಯವೇ ನನ್ನ ಮನಸ್ಸಿನಲ್ಲಿ ನಿಂತಿತು.

ಈ ಕಲೆಯ ಸ್ವರೂಪವನ್ನು ಸ್ವಲ್ಪ ಹೇಳದೆ ಮುಂದುವರಿಯುವಂತಿಲ್ಲ. ನಮ್ಮ ದೇವಾಲಯದ ಗಂಟೆ ತೂಗುಹಾಕಿದಲ್ಲೇ ಇರುತ್ತದೆ. ಅದರ ನಾಲಗೆಯನ್ನು ಆಡಿಸಿ ನಾದ ಹೊರಡಿಸುತ್ತೇವೆ. ಇಂಗ್ಲೆಂಡಿನ ಗೋಪುರಗಳಲ್ಲಿ ಹದಿನೇಳನೆಯ ಶತಮಾನದಿಂದ ಬೆಳೆದುಬಂದ ಪದ್ಧತಿ ಬೇರೆ. ಅಲ್ಲಿ ಪ್ರತಿಯೊಂದು ಗಂಟೆಯನ್ನೂ ಒಂದು ದೊಡ್ಡ ಚಕ್ರಕ್ಕೆ ಬಿಗಿದಿರುತ್ತಾರೆ. ಚಕ್ರವನ್ನು ಬಳಸಿ ಇಳಿದ ಹಗ್ಗ ಕೆಳಗಿನ ಕೋಣೆಯಲ್ಲಿ ನಿಂತವನ ಕೈಯಲ್ಲಿರುತ್ತದೆ. ಗಂಟೆ ಬಾಯಿ ಮೇಲಾಗಿ ನಿಂತು, ಹಗ್ಗ ಎಳೆದೊಡನೆ ಪೂರ್ಣ ಸುತ್ತೊಂದನ್ನು ಸುತ್ತಿ, ಒಮ್ಮೆ ನುಡಿದು, ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತದೆ. ಒಂದು ಟನ್ನಿಗೂ ಮಿಗಿಲಾಗಿ ತೂಗುವ ಗಂಟೆಗಳೂ ಉಂಟು. ಅಂಥ ಭಾರವನ್ನು ಬೇಕೆಂದಾಗ ಬೇಕಾದಂತೆ ನುಡಿಸಲಾಗದು. ತುಸು ತಡೆದು ಹಿಡಿಯಬಹುದು, ಇಲ್ಲವೆ ತುಸು ಮುಂಚಿತವಾಗಿ ಎಳೆಯಬಹುದು, ಅಷ್ಟೆ. ಆದಕಾರಣ ಈ ಗಂಟೆಗಳಲ್ಲಿ ಹಾಡು ನುಡಿಸುವುದು ಸಾಧ್ಯವಿಲ್ಲ. ಸಾಧ್ಯವಿರುವುದು ಒಂದೇ: ಪಕ್ಕದ ಗಂಟೆಯೊಡನೆ ಸ್ಥಾನ ಬದಲಿಸುವುದು.

ಮೂರು ಗಂಟೆಗಳಿವೆ ಎನ್ನೋಣ. ಮೊದಲು 123 ಎಂದು ನುಡಿಯುತ್ತವೆ; ಮೊದಲೆರಡು ಸ್ಥಾನ ಬದಲಿಸಿದರೆ 213; ಕೊನೆಯೆರಡು ಬದಲಿಸಿದರೆ 231; ಹೀಗೆಯೇ ಮುಂದೆ 321, 312, 132; ಮತ್ತೆ 123. ಆರು ಸಾಲುಗಳಲ್ಲಿ ಸಾಧ್ಯವಿದ್ದ ಕ್ರಮಗಳೆಲ್ಲ ಮುಗಿದವು. ಒಂದು ಸಾಲಿನಲ್ಲಿ ಪ್ರತಿಯೊಂದು ಗಂಟೆಯೂ ಒಮ್ಮೆ, ಒಮ್ಮೆ ಮಾತ್ರ, ನುಡಿಯಬೇಕು. ಬಂದ ಸಾಲು ಮತ್ತೆ ಬರಕೂಡದು. ಯಾವ ಗಂಟೆಯೂ ಒಂದು ಸ್ಥಾನಕ್ಕಿಂತ ಹೆಚ್ಚು ಸರಿಯಕೂಡದು. ನಾಲ್ಕು ಗಂಟೆಗಳಾದರೆ ಸಾಲುಗಳು 24, ಐದಕ್ಕೆ 120, ಆರಕ್ಕೆ 720, ಏಳಕ್ಕೆ 5040. ಈ 5040 ಸಾಲುಗಳನ್ನು ನುಡಿಸಲು ಸುಮಾರು ಮೂರು ತಾಸು ಬೇಕು. ನಡುವೆ ವಿಶ್ರಾಂತಿಯಿಲ್ಲ, ಒಬ್ಬನ ಹಗ್ಗವನ್ನು ಇನ್ನೊಬ್ಬ ಹಿಡಿಯುವಂತಿಲ್ಲ, ಎದುರಿಗೆ ಬರೆದಿಟ್ಟ ಕಾಗದವಿಲ್ಲ. ಎಲ್ಲವೂ ನೆನಪಿನಿಂದ ನಡೆಯಬೇಕು. ನಾರ್ವಿಚ್ ಪಟ್ಟಣದ ಸೇಂಟ್ ಪೀಟರ್ ಮ್ಯಾನ್‌ಕ್ರಾಫ್ಟ್ ಚರ್ಚಿನಲ್ಲಿ 1715ರ ಮೇ 2ರಂದು ಇದನ್ನು ಸಾಧಿಸಿದರು. ಇಂಥ ಸಾಧನೆಗಳಲ್ಲಿ ಅದೇ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಗಂಟೆಗಳು ಎಂಟಾದರೆ ಸಾಲುಗಳು 40,320. ಅವನ್ನೂ 1963ರ ಜುಲೈ ತಿಂಗಳಲ್ಲಿ ಲಫ್‌ಬರೋ ಎಂಬಲ್ಲಿ ಎಂಟು ಜನ ಹದಿನೆಂಟು ತಾಸುಗಳಿಗೆ ಎರಡೇ ನಿಮಿಷ ಕಡಮೆಯಾಗಿ ಬಾರಿಸಿ ಮುಗಿಸಿದರು.

ಛಂದಸ್ಸನ್ನು ಓದಿದ ವಾಚಕರಿಗೆ ಇಲ್ಲಿ ಒಂದು ಪರಿಚಿತ ಪದ ನೆನಪಾಗಿರಬೇಕು. ಇದು ಪ್ರಸ್ತಾರವಲ್ಲವೆ? ಗುರುಲಘುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂಬುದನ್ನು ಒಂದನ್ನೂ ಬಿಡದೆ, ಒಂದನ್ನೂ ಮರುಕಳಿಸದೆ ಬರೆಯುವ ವಿಧಾನವನ್ನು ನಮ್ಮ ಛಂದಶ್ಶಾಸ್ತ್ರಜ್ಞರು ಬಲ್ಲವರಾಗಿದ್ದರು. ಸೇವುಣರ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ಹದಿಮೂರನೆಯ ಶತಮಾನದಲ್ಲಿ ‘ಸಂಗೀತರತ್ನಾಕರ’ವನ್ನು ಬರೆದಾಗ ಸಪ್ತಸ್ವರಗಳ ಪ್ರಸ್ತಾರವನ್ನೂ ವಿವರಿಸಿದ, ಏಳು ಸ್ವರಗಳಿಗೆ ಅವನು ಕೊಟ್ಟ ಸಂಖ್ಯೆಯೂ 5040ವೇ. ಗಣಿತ ಎಲ್ಲ ದೇಶಕ್ಕೂ ಒಂದೇ ಆದ್ದರಿಂದ ಇದರಲ್ಲಿ ಸೋಜಿಗವಿಲ್ಲ. ಒಬ್ಬರಿಂದ ಒಬ್ಬರು ಪಡೆದರೆಂದು ವಾದಿಸಬೇಕಾದುದೂ ಇಲ್ಲ. ಸೋಜಿಗವಿರುವುದು ಬೇರೊಂದು ಕಡೆ. ನಮ್ಮಲ್ಲಿ ಒಬ್ಬ ವಿದ್ವಾಂಸ ಓಲೆಯ ಮೇಲೆ ಬರೆದುಕೊಂಡದ್ದನ್ನು ಅಲ್ಲಿ ಏಳೆಂಟು ಜನ ಸೇರಿ ಮೈಮುರಿದು ದುಡಿದು ಕಿವಿಗೆ ಕೇಳಿಸಿದರು. ಅದರಲ್ಲಿ ಒಬ್ಬ ತಪ್ಪಿದರೆ ಎಲ್ಲರೂ ತಪ್ಪಿದಂತೆ.

ಈ ಕಲೆಯ ಮೊದಲ ಗ್ರಂಥ ‘ಟಿಂಟಿನಲೋಜಿಯಾ’ 1668ರಲ್ಲಿ ಅಚ್ಚಾಯಿತು. ಅದನ್ನು ಬರೆದವನು ಆಕ್ಸ್‌ಫರ್ಡಿನ ರಿಚರ್ಡ್ ಡಕ್‌ವರ್ತ್ ಎಂದು ಹೇಳುತ್ತಾರೆ. ಪ್ರಕಟಿಸಿದವನು ಫೇಬಿಯನ್ ಸ್ಟೆಡ್‌ಮನ್ ಎಂಬ ಮುದ್ರಣ ಕಸಬಿನವನು. 1677ರಲ್ಲಿ ಸ್ಟೆಡ್‌ಮನ್ ತಾನೇ ಎರಡನೆಯ ಗ್ರಂಥವನ್ನು ಬರೆದ. ಆದರೆ ಆಮೇಲಿನ ಎರಡು ಶತಮಾನ ಈ ವಿದ್ಯೆಯನ್ನು ಕಾಪಾಡಿದವರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಮಂದಿಯಲ್ಲ, ಊರಿನ ಕಸಬುದಾರರು. ಕೇಂಬ್ರಿಜ್ ಪಟ್ಟಣದ ವಾದಕರು 1724ರಲ್ಲೇ ಸಂಘ ಕಟ್ಟಿಕೊಂಡಿದ್ದರು. ವಿದ್ಯಾರ್ಥಿಗಳ ಸಂಘ ಹುಟ್ಟಿದ್ದು ಅದಾದ ನೂರೈವತ್ತೈದು ವರ್ಷಗಳ ಮೇಲೆ.

ಊರಿಗೂ ವಿಶ್ವವಿದ್ಯಾಲಯಕ್ಕೂ ಅಲ್ಲಿ ಹಳೆಯ ವೈರ. 1355ರ ಫೆಬ್ರುವರಿಯಲ್ಲಿ ಆಕ್ಸ್‌ಫರ್ಡಿನ ಒಂದು ಹೆಂಡದಂಗಡಿಯಲ್ಲಿ ಆರಂಭವಾದ ಜಗಳ ಬೀದಿಗೆ ಬಿದ್ದಾಗ, ಊರವರನ್ನು ಕೂಡಿಸಲು ಸೇಂಟ್ ಮಾರ್ಟಿನ್ ಚರ್ಚಿನ ಗಂಟೆಯನ್ನೂ ವಿದ್ಯಾರ್ಥಿಗಳನ್ನು ಕೂಡಿಸಲು ಸೇಂಟ್ ಮೇರಿ ಚರ್ಚಿನ ಗಂಟೆಯನ್ನೂ ಬಾರಿಸಿದರಂತೆ. ಆ ಗಲಭೆಯಲ್ಲಿ ಅರುವತ್ತಕ್ಕೂ ಮಿಕ್ಕಿ ವಿದ್ಯಾರ್ಥಿಗಳೂ ಮೂವತ್ತರಷ್ಟು ಊರವರೂ ಸತ್ತರೆಂದು ಚರಿತ್ರೆ ಹೇಳುತ್ತದೆ. ಜನರನ್ನು ಎರಡಾಗಿ ಒಡೆಯಲು ಬಾರಿಸಿದ ಗಂಟೆಯ ಊರಿನಲ್ಲಿ ಮುಂದೊಂದು ಕಾಲಕ್ಕೆ ಊರವನೂ ವಿದ್ಯಾರ್ಥಿಯೂ ಒಂದೇ ಗೋಪುರದಲ್ಲಿ ಹಗ್ಗ ಹಿಡಿದು ನಿಂತರೆಂಬುದು ಸಣ್ಣ ಮಾತಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗೋಪುರಗಳ ಸ್ಥಿತಿ ಚೆನ್ನಾಗಿರಲಿಲ್ಲ. ಬಾರಿಸುವವರಿಗೂ ಪಾದ್ರಿಗಳಿಗೂ ಮಾತುಕತೆಯಿಲ್ಲ. ಗೋಪುರದೊಳಗೆ ಬಿಯರಿನ ಪೀಪಾಯಿ. ಗಂಟೆ ಬಾರಿಸಿ ಕೆಳಗಿಳಿದವರು ಪೂಜೆಗೆ ನಿಲ್ಲದೆ ಹೊರಟುಹೋಗುವ ಪರಿಪಾಟಿ. ಇದಕ್ಕೆ ಎರಡು ಬಗೆಯ ಪರಿಹಾರಗಳು ಹುಟ್ಟಿದವು. ಆಕ್ಸ್‌ಫರ್ಡಿನಲ್ಲಿ ಓದಿದ ಎಲಕೊಂಬ್ ಎಂಬ ಪಾದ್ರಿ 1821ರಲ್ಲಿ ಒಂದು ಸಾಧನವನ್ನು ರಚಿಸಿದರು. ಗಂಟೆಗಳನ್ನು ನಿಲ್ಲಿಸಿಯೇ ಸುತ್ತಿಗೆಗಳಿಂದ ಬಡಿಯುವ ಈ ಸಾಧನವಿದ್ದರೆ ಒಬ್ಬನೇ ಎಲ್ಲ ಗಂಟೆಗಳನ್ನೂ ನುಡಿಸಬಹುದು. ಒರಟು ಮಂದಿಯ ಹಂಗೇ ಬೇಡ. ಇದು ಮೊದಲನೆಯ ಪರಿಹಾರ. ಎಲಕೊಂಬರೇ ಮುಂದೆ ವಾದಕರ ಸುಧಾರಣೆಗಾಗಿ ಬಹಳ ದುಡಿದರೆಂಬುದನ್ನೂ ಹೇಳಬೇಕು. ಎರಡನೆಯ ಪರಿಹಾರ, ಓದಿದವರು ತಾವೇ ಗೋಪುರ ಹತ್ತಿ ಹಗ್ಗ ಹಿಡಿದು ಕಲಿಯುವುದು. ವಿದ್ಯಾರ್ಥಿ ಸಂಘಗಳು ಈ ಎರಡನೆಯ ದಾರಿಯ ಫಲ. ಪದವಿ ಪಡೆಯಲು ಆಂಗ್ಲಿಕನ್ ಮತಕ್ಕೆ ಸೇರಿರಬೇಕೆಂಬ ನಿರ್ಬಂಧಗಳನ್ನು ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳಲ್ಲಿ ಕೊನೆಗೊಳಿಸಿದ ಶಾಸನ ಬಂದದ್ದು 1871ರಲ್ಲಿ. ಮರುವರ್ಷವೇ ಆಕ್ಸ್‌ಫರ್ಡಿನ ಸಂಘ ಹುಟ್ಟಿತು. ಆದರೂ ಓದು ಮುಗಿಸಿ ಪಾದ್ರಿಗಳಾಗಿ ಹಳ್ಳಿಗಳಿಗೆ ಹೋಗುತ್ತಿದ್ದವರು ಆಗಲೂ ಅನೇಕರಿದ್ದರು. ಅಂಥವರಲ್ಲಿ ಗೋಪುರದ ಅನುಭವವುಳ್ಳವರು ತಮ್ಮ ಚರ್ಚಿನ ವಾದಕರನ್ನು ಕಂಡು ಮೂಗು ಮುರಿಯಬೇಕಾಗಿರಲಿಲ್ಲ, ಅವರ ಜೊತೆಗೆ ನಿಲ್ಲಬಲ್ಲವರಾಗಿದ್ದರು. ಆಕ್ಸ್‌ಫರ್ಡ್ ಪ್ರಾಂತದ ವಾದಕರ ಕೂಟ 1881ರಲ್ಲಿ ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥರಾದ ಎಫ್. ಇ. ರಾಬಿನ್‌ಸನ್ ಡ್ರೇಟನ್ ಎಂಬ ಊರಿನ ಪಾದ್ರಿಗಳು. ಐದು ಸಾವಿರ ಸಾಲುಗಳ ಪೂರ್ಣ ವಾದನವನ್ನು ಸಾವಿರ ಬಾರಿ ಮುಗಿಸಿದ ಮೊದಲಿಗರೆಂದು ಅವರಿಗೆ ಹೆಸರು.

ಗೋಪುರದಲ್ಲಿ ಓದಿದವನು ಗುರುವಾಗಿ ಹೋಗಲಿಲ್ಲ, ಶಿಷ್ಯನಾಗಿ ಹೋದ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ವಿದ್ಯೆ ಅಲ್ಲಿ ಮೊದಲೇ ಇತ್ತು. ಜಾನ್ ಹೋಲ್ಟ್ ಎಂಬವನು ಲಂಡನಿನ ಒಬ್ಬ ಬಡ ಮೋಚಿ. ‘ಗ್ರ್ಯಾಂಡ್‌ಸೈರ್’ ಎಂಬ ಕ್ರಮದಲ್ಲಿ ಏಳು ಗಂಟೆಗಳ 5040 ಸಾಲುಗಳನ್ನೂ ಒಂದೂ ಮರುಕಳಿಸದಂತೆ ಜೋಡಿಸುವುದು ಅಂದಿನವರಿಗೆ ಬಿಡಿಸಲಾಗದ ಒಗಟಾಗಿತ್ತು. ಹೋಲ್ಟ್ ಅದನ್ನು ಬಿಡಿಸಿದ. 1751ರಲ್ಲಿ ಅದನ್ನು ವೆಸ್ಟ್‌ಮಿನ್‌ಸ್ಟರಿನಲ್ಲಿ ಬಾರಿಸಿದರು. ಆದರೆ ಅವನು ಕೊನೆಯಲ್ಲಿ ವಾಡಿಕೆಯದಲ್ಲದ ಎರಡು ವಿಶೇಷ ಕರೆಗಳನ್ನು ಬಳಸಬೇಕಾಯಿತು. ವಾಡಿಕೆಯ ಕರೆಗಳಿಂದಲೇ ಏಕೆ ಆಗದು? ಅದು ಅಸಾಧ್ಯವೆಂಬುದಕ್ಕೆ ಡಬ್ಲ್ಯು. ಎಚ್. ಥಾಂಪ್‌ಸನ್ ಗಣಿತದ ಸಾಧನೆಯನ್ನು ಕೊಟ್ಟದ್ದು 1886ರಲ್ಲಿ. ಅದನ್ನು ವ್ಯಾಪಕವಾದ ಸೂತ್ರವಾಗಿ ಗಣಿತಜ್ಞ ರ್‍ಯಾಂಕಿನ್ ಪ್ರತಿಪಾದಿಸಿದ್ದು 1948ರಲ್ಲಿ. ಮೋಚಿಯ ಕೈ ಕಂಡುಕೊಂಡುದಕ್ಕೆ ಕಾರಣ ಹೇಳಲು ವಿದ್ವತ್ತಿಗೆ ನೂರಮೂವತ್ತೈದು ವರ್ಷ ಬೇಕಾಯಿತು. ಜಾನಪದವನ್ನೂ ಹಳ್ಳಿಯ ಮೇಳವನ್ನೂ ‘ಸಂಗ್ರಹಿಸಲು’ ಹೊರಡುವ ನಮ್ಮಂಥವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಹಗ್ಗ ಹಿಡಿಯುವುದನ್ನು ಪುಸ್ತಕದಿಂದ ಕಲಿಯಲಾಗದು. ಹೊಸಬನ ಎದುರಿಗೆ ಬಲ್ಲವನೊಬ್ಬ ನಿಂತು, ಅದೇ ಹಗ್ಗಕ್ಕೆ ತಾನೂ ಕೈಹಚ್ಚಿ, ಗಂಟೆ ಅವನನ್ನು ಎತ್ತಿ ಎಸೆಯದಂತೆ ಕಾಯಬೇಕು. ವಾರಗಟ್ಟಲೆ ಹೀಗೆ ನಡೆದ ಮೇಲೆ ಒಂದು ದಿನ ಬಲ್ಲವನು ಕೈ ತೆಗೆಯುತ್ತಾನೆ. ವಿದ್ಯಾರ್ಥಿ ಸಂಘದಲ್ಲಿ ಹೀಗೆ ಎದುರಿಗೆ ನಿಲ್ಲುವವನು ಪ್ರಾಧ್ಯಾಪಕನೇ ಆಗಬೇಕಾಗಿಲ್ಲ. ಒಂದೆರಡು ವರ್ಷದ ಹಿಂದೆ ತಾನೇ ಹೊಸಬನಾಗಿದ್ದವನು ಸಾಕು. ಇಂದು ಕಲಿತವನು ಬರುವ ವರ್ಷ ಕಲಿಸಬೇಕು. ಕಲಿಸದಿದ್ದರೆ ಅವನಿಗೇ ಬಾರಿಸಲು ಜೊತೆಯಿಲ್ಲ. ಎಂಟು ಗಂಟೆಗಳ ಗೋಪುರದಲ್ಲಿ ಒಬ್ಬ ಪ್ರತಿಭಾವಂತನಿಂದ ಏನೂ ಆಗದು. ಎಂಟು ಜನ ಬೇಕು. ಇಲ್ಲಿ ಕಲಿಸುವುದು ಔದಾರ್ಯವಲ್ಲ, ಅಗತ್ಯ. ನೂರೈವತ್ತು ವರ್ಷಗಳ ಗುಟ್ಟು ಇಷ್ಟೇ ಎಂದು ನನ್ನ ಎಣಿಕೆ.

ಈ ಸರಪಳಿ ಕಡಿದುಹೋಗುವ ಸಂದರ್ಭಗಳೂ ಬಾರದಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಸುಮಾರು 1400 ವಾದಕರು ಮಡಿದರು. ಎರಡನೆಯ ಮಹಾಯುದ್ಧದಲ್ಲಿ, 1940ರ ಜೂನ್ ತಿಂಗಳಿಂದ, ಶತ್ರು ದಂಡೆತ್ತಿ ಬಂದಾಗಲಲ್ಲದೆ ಚರ್ಚಿನ ಗಂಟೆ ಬಾರಿಸಕೂಡದೆಂದು ಸರ್ಕಾರ ಆಜ್ಞೆ ಮಾಡಿತು. 1942ರ ನವೆಂಬರಿನಲ್ಲಿ ಎಲ್ ಅಲಮೈನ್ ವಿಜಯಕ್ಕಾಗಿ ಗಂಟೆಗಳು ನುಡಿದಂಥ ಅಪರೂಪದ ಸಂದರ್ಭಗಳನ್ನು ಬಿಟ್ಟರೆ, 1943ರವರೆಗೂ ಗೋಪುರಗಳು ಮೂಕವಾಗಿದ್ದವು. ಮೂರು ವರ್ಷವೆಂದರೆ ವಿದ್ಯಾರ್ಥಿಗಳ ಪೂರ್ತಿ ಒಂದು ತಲೆಮಾರು. ಊರಿನ ವಾದಕ ಮೂರು ವರ್ಷ ಕೈಕಟ್ಟಿ ಕುಳಿತರೂ ಅದೇ ಊರಿನಲ್ಲಿರುತ್ತಾನೆ. ವಿದ್ಯಾರ್ಥಿ ಅಷ್ಟರಲ್ಲಿ ಹೊರಟುಹೋಗಿರುತ್ತಾನೆ. ಆ ದಿನಗಳಲ್ಲಿ ವಾದಕರು ಕೈಗಂಟೆಗಳನ್ನು ಹಿಡಿದು, ಒಂದು ಕೋಣೆಯಲ್ಲಿ ಕುಳಿತು, ಅದೇ ಕ್ರಮಗಳನ್ನು ಅಭ್ಯಾಸ ಮಾಡಿ ನೆನಪನ್ನು ಉಳಿಸಿಕೊಂಡರು. 2020ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ಗೋಪುರದ ಕೋಣೆಯಲ್ಲಿ ಗುಂಪುಗೂಡುವುದು ನಿಂತುಹೋದಾಗ, ಬೇರೆ ಬೇರೆ ಮನೆಗಳಲ್ಲಿ ಕುಳಿತು ಗಣಕಯಂತ್ರದ ಪರದೆಯ ಮೇಲೆ ಜೊತೆಯಾಗಿ ಬಾರಿಸಿದರು. ಸಾಧನ ಹೋದರೂ ಕ್ರಮವನ್ನು ಬಿಡಲಿಲ್ಲ.

ಇಷ್ಟು ಹೊಗಳಿದ ಮೇಲೆ ಎದುರು ಮಾತನ್ನೂ ಆಡಬೇಕು. ಇದು ಒಂದು ಮತದ, ಒಂದು ದೇಶದ, ಬಹುಕಾಲ ಗಂಡಸರಿಗೇ ಮೀಸಲಾಗಿದ್ದ ಕಲೆ. ಈ ಎರಡು ಸಂಘಗಳು ಹುಟ್ಟಿದಾಗ ಆಯಾ ವಿಶ್ವವಿದ್ಯಾಲಯಗಳು ಹೆಂಗಸರಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಆಕ್ಸ್‌ಫರ್ಡ್ ಕೊಟ್ಟದ್ದು 1920ರಲ್ಲಿ, ಕೇಂಬ್ರಿಜ್ 1948ರಲ್ಲಿ. ಹಗ್ಗ ಎಳೆಯಲು ಹೆಣ್ಣಿಗೆ ಕಸುವು ಸಾಲದೆಂಬ ಮಾತನ್ನು 1896ರಲ್ಲಿ ಆಲಿಸ್ ವೈಟ್ ಎಂಬಾಕೆ ಪೂರ್ಣ ವಾದನವೊಂದನ್ನು ಮುಗಿಸಿ ಸುಳ್ಳುಮಾಡಿದರು. 1912ರಲ್ಲಿ ಸ್ತ್ರೀಯರದೇ ಒಂದು ಸಂಘ ಬಂದಿತು. ಗಂಟೆಗೆ ಬೇಕಾದದ್ದು ಬಲವಲ್ಲ, ಸಮಯಜ್ಞಾನ ಎಂಬುದು ಕೊನೆಗೂ ಎಲ್ಲರಿಗೂ ಮನದಟ್ಟಾಯಿತು. ಅದಿರಲಿ, ಇಂಥದೊಂದು ಕಲೆಯಲ್ಲಿ ಕಾಲ ಕಳೆಯುವುದು ಉಳ್ಳವರ ವಿಲಾಸವಲ್ಲವೆ ಎಂದು ಯಾರಾದರೂ ಕೇಳಬಹುದು. ನನಗೆ ಹಾಗೆ ತೋರುವುದಿಲ್ಲ. ಮೋಚಿಯೂ ಮುದ್ರಕನೂ ಬೆಳೆಸಿದ ವಿದ್ಯೆಯನ್ನು ವಿಲಾಸವೆನ್ನುವುದು ಹೇಗೆ?

ನಮ್ಮ ಮಕ್ಕಳು ಗಂಟೆ ಬಾರಿಸಲೆಂದು ನಾನು ಹೇಳುತ್ತಿಲ್ಲ. ನನ್ನ ಮನಸ್ಸನ್ನು ಕೊರೆಯುತ್ತಿರುವ ಸಂಗತಿ ಬೇರೆ. ಹಿಂದೆ ನಾನಿದ್ದ ಒಂದು ಊರಿನ ಕಾಲೇಜಿನಲ್ಲಿ ಆರು ವರ್ಷ ಒಂದು ಗಮಕದ ಕೂಟವನ್ನು ನಡೆಸಿದೆ. ಪ್ರತಿ ಶನಿವಾರ ಸಂಜೆ ಹತ್ತು ಹನ್ನೆರಡು ಜನ ಸೇರಿ ಕುಮಾರವ್ಯಾಸನನ್ನು ಓದುತ್ತಿದ್ದೆವು. ಯಾವ ಪದ್ಯವನ್ನು ಯಾರು ಓದಬೇಕು, ಯಾವ ರಾಗದಲ್ಲಿ ಓದಬೇಕು ಎಂಬುದೆಲ್ಲ ನನ್ನದೇ ನಿರ್ಧಾರ. ಕೊಠಡಿಯ ಬೀಗದ ಕೈಯೂ ನನ್ನ ಜೇಬಿನಲ್ಲೇ. ಮಕ್ಕಳು ಚೆನ್ನಾಗಿ ಓದುತ್ತಿದ್ದರು. ನನಗೆ ಒಳಗೊಳಗೆ ಹೆಮ್ಮೆ. ಅಲ್ಲಿಂದ ವರ್ಗವಾಗಿ ಬಂದೆ. ಒಂದು ವರ್ಷದ ಮೇಲೆ ಆ ಕೂಟದ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. “ಕೂಟ ಹೇಗೆ ನಡೆಯುತ್ತಿದೆಯಮ್ಮ?” ಎಂದು ಕೇಳಿದೆ. ಅವಳು ಸ್ವಲ್ಪ ಸಂಕೋಚದಿಂದ, “ನೀವು ಹೋದ ತಿಂಗಳಿಗೇ ನಿಂತುಹೋಯಿತು ಸಾರ್. ಓದೋದನ್ನ ನೀವು ಹೇಳಿಕೊಟ್ಟಿದ್ರಿ. ಇನ್ನೊಬ್ಬರಿಗೆ ಹೇಳಿಕೊಡೋದು ನಮಗೆ ಯಾರಿಗೂ ಬರ್ತಿರಲಿಲ್ಲ” ಎಂದಳು.

ಅವಳ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ. ನನಗೇ ಅದು ಚುಚ್ಚಿತು. ಆರು ವರ್ಷವೂ ನಾನು ಹಗ್ಗದಿಂದ ಕೈ ತೆಗೆದಿರಲಿಲ್ಲ. ವಿದ್ಯಾರ್ಥಿಗಳು ಹರಿಯುವ ನೀರೆಂದು ಅವರನ್ನು ದೂರುತ್ತಿದ್ದವನಿಗೆ, ಅವರ ನಡುವೆ ದಾಟಬೇಕಾದುದನ್ನು ದಾಟಗೊಡದೆ ಅಡ್ಡ ನಿಂತವನು ತಾನೇ ಎಂಬುದು ಹೊಳೆದಿರಲಿಲ್ಲ. ಈಗ ನಮ್ಮ ಕಾಲೇಜುಗಳಲ್ಲಿ ಸಂಘಗಳಿಗೆ ಕೊರತೆಯಿಲ್ಲ. ಪ್ರತಿಯೊಂದಕ್ಕೂ ಒಬ್ಬ ಸಂಚಾಲಕ ಅಧ್ಯಾಪಕ, ವರ್ಷಕ್ಕೆ ಇಷ್ಟು ಕಾರ್ಯಕ್ರಮ, ಪ್ರತಿ ಕಾರ್ಯಕ್ರಮಕ್ಕೆ ಛಾಯಾಚಿತ್ರ, ಭಾಗವಹಿಸಿದವರಿಗೆ ಪ್ರಮಾಣಪತ್ರ. ಅಧ್ಯಾಪಕರೇ ಭಾಷಣಕಾರರನ್ನು ಕರೆಯುತ್ತಾರೆ, ಅಧ್ಯಾಪಕರೇ ವರದಿ ಬರೆಯುತ್ತಾರೆ. ವಿದ್ಯಾರ್ಥಿ ಕುರ್ಚಿಯ ಮೇಲೆ ಕುಳಿತು ಕೇಳುತ್ತಾನೆ. ಇದೂ ಎಲಕೊಂಬರ ಸಾಧನವೇ: ಒಬ್ಬನೇ ನಿಂತು ಎಲ್ಲ ಗಂಟೆಗಳನ್ನೂ ಬಡಿಯುವುದು. ಕೆಲಸ ಅಚ್ಚುಕಟ್ಟು, ಆದರೆ ಆ ಒಬ್ಬ ಹೋದ ಮರುದಿನ ಗೋಪುರ ಮೂಕ.

ಕಳೆದ ವರ್ಷದಿಂದ ಇಲ್ಲಿ ಮತ್ತೆ ಒಂದು ಚಿಕ್ಕ ಕೂಟ ಸೇರುತ್ತಿದೆ. ಬೀಗದ ಕೈ ಎರಡನೆಯ ವರ್ಷದ ಹುಡುಗನೊಬ್ಬನಲ್ಲಿದೆ. ಮೊದಲ ವರ್ಷದವರಿಗೆ ಪದ್ಯ ಬಿಡಿಸಿ ಓದುವುದನ್ನು ಅವನೇ ಕಲಿಸುತ್ತಾನೆ. ಪದ ವಿಭಾಗದಲ್ಲಿ ಆಗಾಗ ತಪ್ಪುತ್ತಾನೆ. ಹಿಂದಿನ ಸಾಲಿನಲ್ಲಿ ಕುಳಿತ ನನಗೆ ಎದ್ದು ತಿದ್ದಬೇಕೆಂದು ಬಾಯಿ ತುರಿಸುತ್ತದೆ. ತಡೆದುಕೊಳ್ಳುತ್ತೇನೆ. ಓದು ಮುಗಿದ ಮೇಲೆ ಅವನನ್ನು ಬೇರೆಯಾಗಿ ಕರೆದು ಹೇಳುತ್ತೇನೆ. ಮುಂದಿನ ಶನಿವಾರ ಅವನೇ ಅವರಿಗೆ ತಿದ್ದಿ ಹೇಳುತ್ತಾನೆ. ಕೂಟ ಎಷ್ಟು ದಿನ ನಡೆಯುವುದೋ ನಾನರಿಯೆ. ನಾನಿಲ್ಲದ ಎರಡು ಶನಿವಾರಗಳಲ್ಲಿಯೂ ಅದು ನಡೆಯಿತೆಂದು ಕೇಳಿದಾಗ ಮಾತ್ರ ಬಹುದಿನದ ಮೇಲೆ ಮನಸ್ಸಿಗೆ ನೆಮ್ಮದಿಯಾಯಿತು.